ನಿಮ್ಮ ಬ್ಯಾಗಿನಲ್ಲಿ ಎರಡೇ ನೋವಿನ ಮದ್ದಿರಲಿ

ಕಾಡಂಚಿನ ತಾಲ್ಲೂಕುಗಳಲ್ಲಿ ದನಕರುಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರಿಗೆ, ಪಶುವೈದ್ಯಕೀಯ ಪರೀಕ್ಷಕರಿಗೆ, ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ, ಪಶು ಸಖಿಯರಿಗೆ ಮತ್ತು ಇವರ್ಯಾರೂ ಸಿಗದ ಹೊತ್ತಿನಲ್ಲಿ ರೈತ ಓಡಿಹೋಗಿ ಕರೆತರುವ ಊರಿನ ‘ದನದ ಡಾಕ್ಟ್ರಿ’ಗೆ,



ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಹುಣಸೂರು, ಚಾಮರಾಜನಗರ, ಕನಕಪುರ, ರಾಮನಗರ. ಈ ಕಡೆಯ ಊರುಗಳಲ್ಲಿ ನಡುರಾತ್ರಿ ಕರು ಅಡ್ಡ ಸಿಕ್ಕಿಕೊಂಡರೆ, ಹಸು ಮಾಸು ಹಾಕದೆ ಒದ್ದಾಡಿದರೆ, ಕೆಚ್ಚಲು ಬಾತು ಕಲ್ಲಿನಂತಾದರೆ ರೈತನಿಗೆ ಮೊದಲು ನೆನಪಾಗುವುದು ನೀವು. ಒಬ್ಬೊಬ್ಬರ ಮೇಲೂ ಹತ್ತಾರು ಹಳ್ಳಿಗಳ ಹೊರೆ. ಬೈಕಿನ ಮುಂದೆ ನೇತುಹಾಕಿದ ಒಂದು ಬ್ಯಾಗೇ ನಿಮ್ಮ ಆಸ್ಪತ್ರೆ. ನಾನು ಪಶುವೈದ್ಯನಲ್ಲ. ದನ ಕಟ್ಟಿಕೊಂಡು ಬಂದ ಮನೆಯವನು, ಬಿಡುವಿದ್ದಾಗ ಹಕ್ಕಿ ನೋಡುವವನು. ನಿಮ್ಮ ಕಸುಬನ್ನು ನಿಮಗೇ ಹೇಳಿಕೊಡುವ ಅಧಿಕಪ್ರಸಂಗಕ್ಕೆ ಈ ಪತ್ರ ಬರೆಯುತ್ತಿಲ್ಲ.

ಇದನ್ನು ಅರಣ್ಯ ಇಲಾಖೆಗೆ ಬರೆಯಬಹುದಿತ್ತು, ಔಷಧ ನಿಯಂತ್ರಕರಿಗೂ ಬರೆಯಬಹುದಿತ್ತು. ಅವರಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ರಣಹದ್ದಿನ ಮಾತು ಬಂದಾಗಲೆಲ್ಲ ಸಭೆ ಸೇರುವುದು ಕಾಡಿನ ಅತಿಥಿಗೃಹದಲ್ಲಿ. ಅಲ್ಲಿ ಅಧಿಕಾರಿಗಳಿರುತ್ತಾರೆ, ಸಂಶೋಧಕರಿರುತ್ತಾರೆ, ಕ್ಯಾಮೆರಾದವರಿರುತ್ತಾರೆ. ನಿಮಗೊಂದು ಕುರ್ಚಿ ಹಾಕಿರುವುದು ಅಪರೂಪ. ಆದರೆ ಬಂಡೀಪುರದ ಮೇಲೆ ಸುತ್ತುವ ಹಕ್ಕಿ ಉಳಿಯುತ್ತದೋ ಅಳಿಯುತ್ತದೋ ಎಂಬುದು ತೀರ್ಮಾನವಾಗುವುದು ಕೊಟ್ಟಿಗೆಯಲ್ಲಿ, ನೀವು ಯಾವ ಬಾಟಲಿಯಿಂದ ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತೀರಿ ಎಂಬ ಅರೆಗಳಿಗೆಯಲ್ಲಿ.

ಕೋರಿಕೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಜ್ವರಕ್ಕೆ, ಬಾವಿಗೆ, ಕುಂಟಿಗೆ ನೀವು ಕೊಡುವ ನೋವಿನ ಮದ್ದು ಮೆಲಾಕ್ಸಿಕಾಮ್ ಆಗಿರಲಿ. ಅದು ಸರಿಹೊಂದದ ಕಡೆ ಟಾಲ್ಫೆನಾಮಿಕ್ ಆಮ್ಲ ಇರಲಿ. ಇವೆರಡರ ಆಚೆಗಿನ ನೋವಿನ ಮದ್ದನ್ನು, ‘ಇನ್ನೂ ಸರ್ಕಾರ ಬ್ಯಾನ್ ಮಾಡಿಲ್ವಲ್ಲ’ ಎಂಬ ಒಂದೇ ಕಾರಣಕ್ಕೆ ಬಳಸಬೇಡಿ. ಆಂಟಿಬಯಾಟಿಕ್, ಕ್ಯಾಲ್ಸಿಯಂ, ಜಂತುಹುಳದ ಮದ್ದು ಇವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಮಾತೆಲ್ಲ ಸ್ಟಿರಾಯ್ಡ್ ಅಲ್ಲದ ನೋವುಶಾಮಕಗಳ ಗುಂಪಿಗೆ ಮಾತ್ರ ಸೀಮಿತ. ಯಾಕೆ ಎಂಬುದಕ್ಕೆ ಉಳಿದ ಪತ್ರ.

ಉತ್ತರ ಸಿಕ್ಕಿದ್ದು ಔಷಧದ ಅಂಗಡಿಯಲ್ಲಿ

1980ರ ದಶಕದಲ್ಲಿ ರಣಹದ್ದು ಈ ದೇಶದಲ್ಲಿ ಯಾರೂ ತಿರುಗಿ ನೋಡದಷ್ಟು ಸಾಮಾನ್ಯ ಹಕ್ಕಿ. ಊರಾಚೆ ದನ ಸತ್ತರೆ ಗಂಟೆಯೊಳಗೆ ನೂರು ಹಕ್ಕಿ ಇಳಿಯುತ್ತಿದ್ದವು. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿಗಳನ್ನು ವರ್ಷಗಟ್ಟಲೆ ಲೆಕ್ಕ ಹಾಕುತ್ತಿದ್ದ ವಿಭು ಪ್ರಕಾಶ್ 1990ರ ದಶಕದ ನಡುವೆ ಅಲ್ಲಿ ವಿಚಿತ್ರವೊಂದನ್ನು ಕಂಡರು. ಹಿಂದೆ ಮುನ್ನೂರೈವತ್ತರಷ್ಟು ಗೂಡು ಕಟ್ಟುತ್ತಿದ್ದ ಬಿಳಿಬೆನ್ನಿನ ರಣಹದ್ದುಗಳು ಕತ್ತು ಜೋಲಿಸಿಕೊಂಡು ಕೊಂಬೆಯ ಮೇಲೆ ಕೂತಿರುತ್ತಿದ್ದವು, ಆಮೇಲೆ ಉರುಳಿ ಬೀಳುತ್ತಿದ್ದವು. ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಗೂಡುಗಳು ಬೆರಳೆಣಿಕೆಗೆ ಇಳಿದಿದ್ದವು. 1992ರಿಂದ 2007ರ ನಡುವೆ ದೇಶದಲ್ಲಿ ಬಿಳಿಬೆನ್ನಿನ ಜಾತಿ ಶೇ. 99.9ರಷ್ಟು ಕುಸಿಯಿತು. ಅಂದರೆ ಸಾವಿರಕ್ಕೆ ಒಂದು ಉಳಿಯಿತು. ಉದ್ದಕೊಕ್ಕಿನ ಜಾತಿ ಮತ್ತು ಉತ್ತರದ ತೆಳುಕೊಕ್ಕಿನ ಜಾತಿ ಎರಡೂ ಸೇರಿ ಶೇ. 97ರಷ್ಟು ಹೋದವು.

ವೈರಸ್ ಇರಬಹುದೆಂದು ಹುಡುಕಿದರು. ಕೀಟನಾಶಕ, ಸೀಸ, ಪಾದರಸ ಎಲ್ಲವನ್ನೂ ಹುಡುಕಿದರು. ಯಾವುದೂ ಹೊಂದಲಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ ಪೆರೆಗ್ರಿನ್ ಫಂಡ್ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ, ಹೌದು, ಆತ ನಿಮ್ಮ ಕಸುಬಿನವನೇ, ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ. ಹೃದಯ, ಯಕೃತ್ತು, ಮೂತ್ರಪಿಂಡಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ. ಯೂರಿಕ್ ಆಮ್ಲ ಹೆಪ್ಪುಗಟ್ಟಿ ಒಳಾಂಗಗಳ ಮೇಲೆಲ್ಲ ಕೂತಿತ್ತು. ಮೂತ್ರಪಿಂಡ ಕೆಟ್ಟರೆ ಹಕ್ಕಿಗೆ ಆಗುವುದು ಅದೇ. ಹಾಗಾದರೆ ಮೂತ್ರಪಿಂಡ ಕೆಡಿಸುವ ಯಾವ ವಸ್ತು ಈ ಹಕ್ಕಿಗಳ ಹೊಟ್ಟೆಗೆ ಹೋಗುತ್ತಿದೆ? ಅವು ತಿನ್ನುವುದು ಸತ್ತ ದನ. ಸತ್ತ ದನದೊಳಗೆ ಏನಿರುತ್ತದೆ ಎಂದು ತಿಳಿಯಬೇಕಾದರೆ ಬದುಕಿದ್ದಾಗ ಅದಕ್ಕೆ ಏನು ಕೊಟ್ಟರೆಂದು ಕೇಳಬೇಕು.

ಅವನ ತಂಡ ಅದನ್ನೇ ಮಾಡಿತು. ಆ ಸೀಮೆಯ 74 ಪಶುವೈದ್ಯರನ್ನೂ ಔಷಧ ಮಾರುವವರನ್ನೂ ಕಂಡು, ‘ನೀವು ದನಕ್ಕೆ ಏನೇನು ಕೊಡುತ್ತೀರಿ?’ ಎಂದು ಕೇಳಿತು. ಬಂದ ಹೆಸರುಗಳಲ್ಲಿ ಮೂತ್ರಪಿಂಡಕ್ಕೆ ಕೆಡುಕು ಮಾಡಬಲ್ಲ, ಬಾಯಿಯ ಮೂಲಕವೂ ಮೈಗೆ ಸೇರಬಲ್ಲ ಮದ್ದು ಒಂದೇ: ಡೈಕ್ಲೋಫೆನಾಕ್. ಎಲ್ಲರೂ ಅದನ್ನು ಮಾರುತ್ತಿದ್ದರು. ಆಮೇಲೆ ಪ್ರಯೋಗಾಲಯದಲ್ಲಿ ನೋಡಿದರೆ, ಒಳಾಂಗದಲ್ಲಿ ಬಿಳಿ ಪದರವಿದ್ದ 25 ಹಕ್ಕಿಗಳಲ್ಲಿ 25ರ ಮೂತ್ರಪಿಂಡದಲ್ಲೂ ಡೈಕ್ಲೋಫೆನಾಕ್. ಬೇರೆ ಕಾರಣಕ್ಕೆ ಸತ್ತ ಹಕ್ಕಿಗಳಲ್ಲಿ ಒಂದರಲ್ಲೂ ಇಲ್ಲ. 2004ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಷ್ಟು ದೊಡ್ಡ ಸಾವಿನ ಕಾರಣ ಹೊರಬರಲು ನಿಮ್ಮಂಥವರು ಕೊಟ್ಟ ಪ್ರಾಮಾಣಿಕ ಉತ್ತರ ಬೇಕಾಯಿತು ಎಂಬುದನ್ನು ಹಕ್ಕಿ ಪ್ರೇಮಿಗಳು ಅಷ್ಟಾಗಿ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

‘ನಾನೊಬ್ಬ ಹಾಕಿದರೆ ಏನಾದೀತು?’

ಡೈಕ್ಲೋಫೆನಾಕ್ ಕೆಟ್ಟ ಮದ್ದೆಂದು ಯಾರೂ ಅದನ್ನು ಬಳಕೆಗೆ ತಂದದ್ದಲ್ಲ. 1990ರ ದಶಕದಲ್ಲಿ ಅದು ಅಗ್ಗವಾಗಿ ಹಳ್ಳಿಗೆ ಬಂದಾಗ ರೈತನಿಗೂ ನಿಮಗೂ ದೊಡ್ಡ ಆಸರೆಯಾಯಿತು. ಎದ್ದು ನಿಲ್ಲಲಾರದ ಎತ್ತು ಮಾರನೆಯ ದಿನ ನೊಗಕ್ಕೆ ಬಂತು. ಹಸುವಿಗೆ ಅದು ಒಳ್ಳೆಯ ಮದ್ದೇ. ತೊಂದರೆಯೆಲ್ಲ ರಣಹದ್ದಿನ ಮೂತ್ರಪಿಂಡದಲ್ಲಿದೆ. ಬಿಳಿಬೆನ್ನಿನ ಹಕ್ಕಿಯ ಮೈತೂಕದ ಪ್ರತಿ ಕಿಲೋಗೆ 0.1ರಿಂದ 0.2 ಮಿಲಿಗ್ರಾಂ ಸೇರಿದರೆ ಸಾಕು, ಅರ್ಧದಷ್ಟು ಹಕ್ಕಿಗಳು ದಿನಗಳೊಳಗೆ ಸಾಯುತ್ತವೆ. ಸಾಯುವ ಮುಂಚಿನ ಒಂದೆರಡು ದಿನದಲ್ಲಿ ಸೂಜಿ ಚುಚ್ಚಿಸಿಕೊಂಡ ದನದ ಯಕೃತ್ತು, ಮೂತ್ರಪಿಂಡಗಳಲ್ಲಿ ಅದಕ್ಕಿಂತ ಹೆಚ್ಚೇ ಉಳಿದಿರುತ್ತದೆ. ಹಕ್ಕಿ ಮೊದಲು ಕಿತ್ತು ತಿನ್ನುವುದೂ ಇಂಥ ಮೆತ್ತನೆಯ ಭಾಗಗಳನ್ನೇ.

ನಾನೊಬ್ಬ ಅಪರೂಪಕ್ಕೊಮ್ಮೆ ಹಾಕಿದರೆ ಎಷ್ಟಾದೀತು ಎಂಬ ಮಾತಿಗೂ ಲೆಕ್ಕ ಸಿದ್ಧವಿದೆ. ಭಾರತ, ಪಾಕಿಸ್ತಾನ, ನೇಪಾಳಗಳಲ್ಲಿ ಕಂಡ ವೇಗದಲ್ಲಿ ರಣಹದ್ದು ನಾಶವಾಗಬೇಕಾದರೆ ಎಷ್ಟು ಹೆಣದಲ್ಲಿ ವಿಷ ಇರಬೇಕೆಂದು ಸಂಶೋಧಕರು ಲೆಕ್ಕ ಹಾಕಿದರು. ನೂರಕ್ಕೆ ಒಂದು ಕೂಡ ಬೇಡ, ಅದಕ್ಕಿಂತ ಕಡಿಮೆ ಸಾಕು ಎಂಬ ಉತ್ತರ ಬಂತು. ಕಾರಣ ಸರಳ. ಒಂದು ಹೆಣಕ್ಕೆ ಒಂದೇ ಹಕ್ಕಿ ಇಳಿಯುವುದಿಲ್ಲ, ಇಡೀ ಹಿಂಡು ಇಳಿಯುತ್ತದೆ. ಇನ್ನೊಂದು ಕಡೆ, ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೂ ಗೂಡು ಕಟ್ಟಲು ಐದು ವರ್ಷದಷ್ಟು ಬೇಕು. ಒಂದು ಮಧ್ಯಾಹ್ನದಲ್ಲಿ ಸತ್ತ ಹಿಂಡನ್ನು ತುಂಬಿಸಿಕೊಳ್ಳಲು ಒಂದು ತಲೆಮಾರು ಹಿಡಿಯುತ್ತದೆ. 2004-05ರಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಸತ್ತ ದನಗಳ ಯಕೃತ್ತನ್ನು ಪರೀಕ್ಷಿಸಿದಾಗ ನೂರಕ್ಕೆ ಹತ್ತರಲ್ಲಿ ಡೈಕ್ಲೋಫೆನಾಕ್ ಸಿಕ್ಕಿತ್ತು.

ಕಾನೂನು ಯಾಕೆ ಸಾಲದು

ನಿಷೇಧಗಳ ಚರಿತ್ರೆಯನ್ನು ಒಮ್ಮೆ ಸಾಲಾಗಿ ನೋಡಿ. ಪಶುಗಳಿಗೆ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸುವ ಆದೇಶ ಬಂದದ್ದು 2006ರಲ್ಲಿ, ಗೆಜೆಟ್ ಅಧಿಸೂಚನೆ 2008ರಲ್ಲಿ. ಆಮೇಲೆ ಏನಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನುಷ್ಯರ ಹೆಸರಿನ 30 ಮಿಲಿಲೀಟರ್ ಬಾಟಲಿಗಳು ದನದ ಕೊಟ್ಟಿಗೆಗೆ ಬಂದವು. 2007ರಿಂದ 2010ರವರೆಗೆ 11 ರಾಜ್ಯಗಳ ಔಷಧದಂಗಡಿಗಳಿಗೆ ಹೋಗಿ ‘ದನಕ್ಕೆ ನೋವಿನ ಮದ್ದು ಕೊಡಿ’ ಎಂದು ಕೇಳಿದ ಸಮೀಕ್ಷೆಯಲ್ಲಿ ನೂರಕ್ಕೆ 36 ಅಂಗಡಿಗಳು ಡೈಕ್ಲೋಫೆನಾಕನ್ನೇ ಕೊಟ್ಟವು. 2015ರಲ್ಲಿ ಮನುಷ್ಯರ ಇಂಜೆಕ್ಷನ್ ಒಂದೇ ಡೋಸಿನ 3 ಮಿಲಿಲೀಟರ್ ಸೀಸೆಗೆ ಇಳಿಯಿತು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಆ ಮಿತಿಯನ್ನು ಎತ್ತಿಹಿಡಿಯಿತು. ಆ ಸೀಸೆಯಲ್ಲಿ ಇರುವುದು 75 ಮಿಲಿಗ್ರಾಂ. ಕಿಲೋಗೆ ಒಂದು ಮಿಲಿಗ್ರಾಂ ಎಂದು ಕಡಿಮೆ ಲೆಕ್ಕ ಹಿಡಿದರೂ 300 ಕಿಲೋ ಹಸುವಿಗೆ ನಾಲ್ಕು ಸೀಸೆ ಒಡೆಯಬೇಕು. ದನಕ್ಕೆ ಬಳಸುವುದು ದುಬಾರಿಯೂ ಕಿರಿಕಿರಿಯೂ ಆಗಲಿ ಎಂಬುದೇ ಆ ಆದೇಶದ ಜಾಣತನ.

ಡೈಕ್ಲೋಫೆನಾಕ್ ಹಿಂದೆ ಸರಿದ ಜಾಗಕ್ಕೆ ಅದರ ಒಡಹುಟ್ಟಿದವು ಬಂದವು. ಕೀಟೋಪ್ರೊಫೆನ್ ರಣಹದ್ದಿಗೆ ವಿಷವೆಂದು 2010ರ ಹೊತ್ತಿಗೇ ಪ್ರಯೋಗದಲ್ಲಿ ಗೊತ್ತಾಗಿತ್ತು. ಅಸೆಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋಗುತ್ತಲೇ ಡೈಕ್ಲೋಫೆನಾಕ್ ಆಗಿ ಬದಲಾಗುತ್ತದೆ ಎಂಬುದು 2016ರಲ್ಲಿ ಖಚಿತವಾಯಿತು. ಹೆಸರು ಬೇರೆ, ಚೀಟಿ ಬೇರೆ, ಹಕ್ಕಿಯ ಹೊಟ್ಟೆ ಸೇರುವ ವಿಷ ಅದೇ. ಈ ಎರಡನ್ನೂ ಪಶುಗಳಿಗೆ ನಿಷೇಧಿಸಿದ್ದು 2023ರ ಜುಲೈ ಕೊನೆಯಲ್ಲಿ. ನಿಮೆಸುಲೈಡ್‌ಗೆ 2024ರ ಡಿಸೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಕಾಡಿನಲ್ಲಿ ಸತ್ತುಬಿದ್ದ ರಣಹದ್ದುಗಳ ಮೂತ್ರಪಿಂಡದಲ್ಲಿ ಅದೂ ಪತ್ತೆಯಾಗಿತ್ತು.

ಈ ಕ್ರಮದಲ್ಲೇ ದೋಷವಿದೆ. ಮೊದಲು ಮದ್ದು ಮಾರುಕಟ್ಟೆಗೆ ಬರುತ್ತದೆ. ಆಮೇಲೆ ಹಕ್ಕಿ ಸಾಯುತ್ತದೆ. ಆಮೇಲೆ ಯಾರೋ ಅದನ್ನು ಕೊಯ್ದು ನೋಡುತ್ತಾರೆ, ಹಿಡಿದಿಟ್ಟ ಹಕ್ಕಿಗಳ ಮೇಲೆ ಪ್ರಯೋಗ ನಡೆಯುತ್ತದೆ, ಪ್ರಬಂಧ ಬರುತ್ತದೆ, ಸಮಿತಿ ಕೂರುತ್ತದೆ, ಅಧಿಸೂಚನೆ ಹೊರಡುತ್ತದೆ. ಕೀಟೋಪ್ರೊಫೆನ್ ವಿಷಯದಲ್ಲಿ ಗೊತ್ತಾದದ್ದಕ್ಕೂ ನಿಷೇಧಕ್ಕೂ ನಡುವೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಹಕ್ಕಿ ಸತ್ತೇ ಮದ್ದಿನ ಗುಣ ತಿಳಿಯಬೇಕು ಎಂಬ ವ್ಯವಸ್ಥೆ ಇದು. ಈಗ ಫ್ಲೂನಿಕ್ಸಿನ್ ಸರದಿ. ಅದರಿಂದ ರಣಹದ್ದು ಸತ್ತ ಪ್ರಕರಣ ಸ್ಪೇನಿನಿಂದ ಎಂದೋ ವರದಿಯಾಗಿದೆ. ಆದರೆ ಮೇಲೆ ಹೇಳಿದ ಅಧಿಸೂಚನೆಗಳಲ್ಲಿ ಅದರ ಹೆಸರಿಲ್ಲ. ಅದೇ ಸ್ಪೇನ್ 2013ರಲ್ಲಿ, ನಮ್ಮಲ್ಲಿ ಆದದ್ದೆಲ್ಲ ತಿಳಿದ ಮೇಲೂ, ‘ನಮ್ಮಲ್ಲಿ ವೈದ್ಯರ ಚೀಟಿ ಇಲ್ಲದೆ ಮದ್ದು ಸಿಗುವುದಿಲ್ಲ’ ಎಂಬ ನಂಬಿಕೆಯಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಬಿಟ್ಟಿತು. 2020ರಲ್ಲಿ ಅಲ್ಲಿನ ಕಪ್ಪು ರಣಹದ್ದಿನ ಮರಿಯೊಂದು ಅದೇ ಮದ್ದಿಗೆ ಸತ್ತು ಸಿಕ್ಕಿತು.

ಹಾಗಾಗಿ ನಾನು ಬೇಡುತ್ತಿರುವುದು ಈ ಕ್ರಮವನ್ನು ನಿಮ್ಮ ಮಟ್ಟದಲ್ಲಿ ತಿರುಗಿಸಿ ಎಂದು. ವಿಷ ಎಂದು ಸಾಬೀತಾಗುವವರೆಗೆ ಬಳಸುತ್ತೇವೆ ಎನ್ನುವ ಬದಲು, ರಣಹದ್ದಿಗೆ ಸುರಕ್ಷಿತ ಎಂದು ಸಾಬೀತಾದದ್ದನ್ನು ಮಾತ್ರ ಬಳಸುತ್ತೇವೆ ಎನ್ನಿ. ಇಂದಿನ ಮಟ್ಟಿಗೆ ಆ ಪಟ್ಟಿಯಲ್ಲಿ ಎರಡೇ ಹೆಸರಿರುವುದು. ಮೆಲಾಕ್ಸಿಕಾಮನ್ನು ಮೊದಲು ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ರಣಹದ್ದಿನ ಮೇಲೆ, ಅದು ಗೆದ್ದ ಮೇಲೆ ಹರಿಯಾಣದ ಪಿಂಜೋರಿನ ಸಂವರ್ಧನಾ ಕೇಂದ್ರದಲ್ಲಿ ನಮ್ಮ ಜಾತಿಗಳ ಮೇಲೆ ಪರೀಕ್ಷಿಸಿದರು. ಅಪಾಯವಿಲ್ಲ ಎಂಬ ಫಲಿತಾಂಶ 2006ರಲ್ಲಿ ಬಂತು. ಮೃಗಾಲಯ ಮತ್ತು ಪುನರ್ವಸತಿ ಕೇಂದ್ರಗಳಲ್ಲಿ ಸುಮಾರು 60 ಜಾತಿಯ 700ಕ್ಕೂ ಹೆಚ್ಚು ಹಕ್ಕಿಗಳಿಗೆ ಅದನ್ನು ಕೊಟ್ಟಿದ್ದ ದಾಖಲೆಗಳೂ ಅದನ್ನೇ ಹೇಳಿದವು. ಟಾಲ್ಫೆನಾಮಿಕ್ ಆಮ್ಲದ ಪರೀಕ್ಷೆ ಇತ್ತೀಚಿನದು. ಹೊರಗೆ ಹಕ್ಕಿಗೆ ಸಿಗಬಹುದಾದ ಪ್ರಮಾಣದಲ್ಲಿ ಅದರಿಂದ ಅಪಾಯವಿಲ್ಲವೆಂಬ ತೀರ್ಮಾನ ಬಂದಿದೆ. ಮೊದಲ ಆಯ್ಕೆ ಮೆಲಾಕ್ಸಿಕಾಮೇ ಆಗಿರಲಿ.

ನಿಮ್ಮ ಬಾಯಲ್ಲಿ ಬರಬಹುದಾದ ಮಾತುಗಳು

‘ನಮ್ಮೂರಲ್ಲಿ ರಣಹದ್ದೇ ಇಲ್ಲ ಸ್ವಾಮಿ.’ ನಿಮ್ಮೂರಲ್ಲಿ ಗೂಡು ಇಲ್ಲದಿರಬಹುದು. ರಣಹದ್ದು ಆಹಾರ ಹುಡುಕುತ್ತ ಒಂದೇ ದಿನದಲ್ಲಿ ನೂರಾರು ಕಿಲೋಮೀಟರ್ ತೇಲಬಲ್ಲ ಹಕ್ಕಿ. ಒಂದು ಗೂಡಿನ ಸುತ್ತ ನೂರು ಕಿಲೋಮೀಟರ್‌ವರೆಗೆ ಮದ್ದು ಶುದ್ಧವಾಗಿರಬೇಕು ಎಂಬ ಲೆಕ್ಕದಲ್ಲೇ ‘ರಣಹದ್ದು ಸುರಕ್ಷಿತ ವಲಯ’ ಎಂಬ ಕಲ್ಪನೆ ಹುಟ್ಟಿದೆ. ತಮಿಳುನಾಡಿನ ಮೋಯಾರ್ ಕಣಿವೆಯ ಗೂಡಿನಿಂದ ಅಳೆದರೆ ಗುಂಡ್ಲುಪೇಟೆ, ಚಾಮರಾಜನಗರಗಳು ಸಲೀಸಾಗಿ ಆ ಸುತ್ತಿನೊಳಗೆ ಬರುತ್ತವೆ. ತಮಿಳುನಾಡಿನ ಗೂಡಿನ ಹಕ್ಕಿ ಕರ್ನಾಟಕದ ಹಸುವನ್ನು ತಿಂದು ಕೇರಳದ ವಯನಾಡಿನಲ್ಲಿ ಸಾಯಬಹುದು. ಮೂರು ರಾಜ್ಯದಲ್ಲಿ ಯಾರೊಬ್ಬರಿಗೂ ಅದು ತಮ್ಮ ಲೆಕ್ಕಕ್ಕೆ ಸೇರಿದ್ದು ಎನಿಸುವುದಿಲ್ಲ.

‘ನಾವು ಸತ್ತ ದನ ಹೂಳುತ್ತೇವೆ.’ ಒಳ್ಳೆಯದು, ಹೂಳುವವರು ಇದ್ದಾರೆ. ಆದರೆ ಜೆಸಿಬಿಗೆ ಕೊಡಲು ದುಡ್ಡಿಲ್ಲದೆ, ಕಲ್ಲುನೆಲದಲ್ಲಿ ಗುಂಡಿ ತೋಡಲಾಗದೆ ಹಳ್ಳದ ಬದಿಗೆ ಎಳೆದುಹಾಕುವುದೂ ನಡೆದೇ ಇದೆ. ಕಾಡಂಚಿನಲ್ಲಿ ಇನ್ನೊಂದು ದಾರಿಯಿದೆ, ಅದನ್ನು ನಾವು ಸಾಕಷ್ಟು ಯೋಚಿಸಿಲ್ಲ. ಸೂಜಿ ಹಾಕಿಸಿಕೊಂಡು ಒಂಚೂರು ಚೇತರಿಸಿಕೊಂಡ ಕುಂಟು ದನವನ್ನು ಮಾರನೆಯ ದಿನವೇ ಕಾಡಿಗೆ ಮೇಯಲು ಬಿಡುತ್ತೇವೆ. ಹಿಂಡಿನಲ್ಲಿ ಹುಲಿಗೆ ಸುಲಭವಾಗಿ ಸಿಗುವುದು ಅಂಥದ್ದೇ. ಹುಲಿ ತಿಂದು ಉಳಿಸಿದ ಹೆಣ ಕಾಡಿನೊಳಗೇ ಉಳಿಯುತ್ತದೆ. ಅದನ್ನು ಯಾರೂ ಹೂಳುವುದಿಲ್ಲ. ನೀಲಗಿರಿ ತಪ್ಪಲಿನ ರಣಹದ್ದಿನ ಊಟ ಬಹಳ ಮಟ್ಟಿಗೆ ಹುಲಿ, ಸೀಳುನಾಯಿಗಳ ಬೇಟೆಯ ಉಳಿಕೆ. ಕೊಟ್ಟಿಗೆಯಲ್ಲಿ ಹಾಕಿದ ಸೂಜಿ ಹುಲಿಯ ಬಾಯಿ ದಾಟಿ ಹದ್ದಿನ ಹೊಟ್ಟೆಗೆ ಹೋಗಲು ಎರಡು ದಿನ ಸಾಕು.

‘ಮೆಲಾಕ್ಸಿಕಾಮ್ ನಿಧಾನ, ರೈತ ಒಪ್ಪುವುದಿಲ್ಲ.’ ಈ ಮಾತಿನ ಹಿಂದಿನ ಕಷ್ಟ ನನಗೆ ಅರ್ಥವಾಗುತ್ತದೆ. ನೀವು ಕಾಫಿ ಕುಡಿದು ಮುಗಿಸುವುದರೊಳಗೆ ಹಸು ಎದ್ದು ನಿಲ್ಲಬೇಕು, ಇಲ್ಲದಿದ್ದರೆ ನಾಳೆ ಅವನು ಬೇರೆಯವರನ್ನು ಕರೆಯುತ್ತಾನೆ. ಆದರೂ ನಿಮಗೆ ಗೊತ್ತು, ಮೆಲಾಕ್ಸಿಕಾಮ್ ದಿನಕ್ಕೆ ಒಂದು ಸಲ ಕೊಟ್ಟರೆ ಸಾಕಾಗುವಷ್ಟು ಹೊತ್ತು ನಿಲ್ಲುತ್ತದೆ. ‘ಕೆಲಸ ಮಾಡಲಿಲ್ಲ’ ಎಂಬ ದೂರು ಬಂದ ಕಡೆ ಮೊದಲು ನೋಡಬೇಕಾದದ್ದು, ತೂಕಕ್ಕೆ ತಕ್ಕ ಡೋಸ್ ಹೋಗಿದೆಯೇ ಎಂದು. ಬೆಲೆಯ ವಿಷಯಕ್ಕೆ ಬಂದರೆ, ಒಂದು ಕಾಲದಲ್ಲಿ ಅದು ದುಬಾರಿಯಿತ್ತು. ಈಗ ಹಲವು ಕಂಪನಿಗಳು ತಯಾರಿಸುತ್ತಿವೆ, ಆ ಅಂತರ ಬಹಳಷ್ಟು ಕರಗಿದೆ. ರೈತನಿಗೆ ಬೇಕಾದದ್ದು ಹಸು ಏಳುವುದು. ಯಾವ ಬಾಟಲಿಯಿಂದ ಎದ್ದಿತು ಎಂಬುದಕ್ಕೆ ಅವನ ಹಟವಿಲ್ಲ. ಆ ಆಯ್ಕೆ ಪೂರ್ತಿ ನಿಮ್ಮದು.

‘ಬೇಲಿಯ ಕರೆಂಟು, ಹುಲಿಗೆ ಇಟ್ಟ ವಿಷ ಇವುಗಳಿಂದ ಹಕ್ಕಿ ಸಾಯುವುದಿಲ್ಲವೇ?’ ಸಾಯುತ್ತವೆ. ಹಸು ಕಳೆದುಕೊಂಡ ಸಿಟ್ಟಿಗೆ ಹೆಣಕ್ಕೆ ಕೀಟನಾಶಕ ಸುರಿದು ಹುಲಿಯನ್ನೂ ಹದ್ದನ್ನೂ ಒಟ್ಟಿಗೆ ಕೊಲ್ಲುವುದು ನಡೆಯುತ್ತದೆ. ಅದನ್ನು ತಡೆಯುವುದು ಬೇರೆಯವರ ಕೆಲಸ, ಅವರಿಗೆ ಬೇರೆ ಪತ್ರ ಬರೆಯಬೇಕು. ನಿಮ್ಮ ಕೈಯಲ್ಲಿರುವ ಕಾರಣವನ್ನು ನೀವು ತೆಗೆಯಬಹುದು.

ಇದು ಹಕ್ಕಿಯ ವಿಷಯ ಮಾತ್ರವಲ್ಲ

ಸತ್ತ ದನವನ್ನು ರಣಹದ್ದು ತಿನ್ನದಿದ್ದರೆ ನಾಯಿ ತಿನ್ನುತ್ತದೆ. ರಣಹದ್ದಿನ ಜಠರದ ಆಮ್ಲ ರೋಗಾಣುಗಳನ್ನು ಸುಟ್ಟುಬಿಡುವಷ್ಟು ತೀಕ್ಷ್ಣ. ನಾಯಿಗೆ ಆ ಶಕ್ತಿಯಿಲ್ಲ, ಅದು ಊರೊಳಗೆ ಓಡಾಡುತ್ತದೆ, ಮಕ್ಕಳನ್ನು ಕಚ್ಚುತ್ತದೆ. ರಣಹದ್ದು ಮರೆಯಾದ ಮೇಲೆ ಹೆಚ್ಚಿದ ಬೀದಿನಾಯಿಗಳಿಂದ 1992ರಿಂದ 2006ರ ನಡುವೆ ರೇಬೀಸ್‌ಗೆ ಸುಮಾರು 48 ಸಾವಿರ ಜನ ಹೆಚ್ಚುವರಿಯಾಗಿ ಸತ್ತರೆಂದು 2008ರ ಒಂದು ಅಂದಾಜು ಹೇಳಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ವಿಸ್ತಾರವಾದದ್ದು. ಹಿಂದೆ ರಣಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಮೊದಲಿನಿಂದಲೇ ಅವು ವಿರಳವಾಗಿದ್ದ ಜಿಲ್ಲೆಗಳನ್ನೂ ಹೋಲಿಸಿದಾಗ, ಹಕ್ಕಿ ಕಳೆದುಕೊಂಡ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ಶೇ. 4ಕ್ಕೂ ಹೆಚ್ಚು ಏರಿತ್ತು. 2000ದಿಂದ 2005ರವರೆಗಿನ ಹೆಚ್ಚುವರಿ ಸಾವು ಸುಮಾರು ಐದು ಲಕ್ಷ. ನಾಯಿ ಜೊತೆಗೆ, ಕೊಳೆತು ನೀರಿಗೆ ಸೇರಿದ ಹೆಣಗಳೂ ಅದರ ಹಿಂದಿದ್ದವು.

ಹಸುವಿನ ನೋವಿಗೆ ಕೊಟ್ಟ ಮದ್ದು ಊರಿನ ಮಗುವಿಗೆ ನಾಯಿ ಕಚ್ಚುವವರೆಗೆ ಹೋಗುತ್ತದೆ ಎಂದು 1994ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂದಿನವರನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಇಂದು ಗೊತ್ತಿದೆ.

ಆಗುತ್ತದೆ ಎನ್ನುವುದಕ್ಕೆ ಸಾಕ್ಷಿ

ನೇಪಾಳ ನಮಗಿಂತ ಬಡ ದೇಶ. ಅಲ್ಲಿಯೂ 2006ರಲ್ಲೇ ಡೈಕ್ಲೋಫೆನಾಕ್ ನಿಷೇಧವಾಯಿತು. ಅಷ್ಟಕ್ಕೇ ನಿಲ್ಲದೆ ಅಲ್ಲಿನವರು ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ಔಷಧದಂಗಡಿಯವರನ್ನು, ದನದ ವೈದ್ಯರನ್ನು, ಹಳ್ಳಿಯ ಕಮಿಟಿಗಳನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿದರು. ಉಳಿದಿದ್ದ ದಾಸ್ತಾನನ್ನು ವಾಪಸ್ ಪಡೆದು ಮೆಲಾಕ್ಸಿಕಾಮ್ ಕೊಟ್ಟರು. ಅಂಗಡಿಗಳ ಸಮೀಕ್ಷೆಯಲ್ಲಿ ಡೈಕ್ಲೋಫೆನಾಕ್ ಹೆಚ್ಚುಕಡಿಮೆ ಮಾಯವಾಯಿತು. 2013ರವರೆಗೆ ಇಳಿಯುತ್ತಲೇ ಇದ್ದ ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ ಆಮೇಲೆ ಮೇಲೇಳತೊಡಗಿತು. ನಿಮ್ಮಂಥವರು ಬ್ಯಾಗು ಬದಲಿಸಿದರೆ ಹಕ್ಕಿ ಮರಳುತ್ತದೆ ಎಂಬುದಕ್ಕೆ ನೇಪಾಳವೇ ಸಾಕ್ಷಿ. ಭಾರತದಲ್ಲಿ ಅಷ್ಟು ಬಿಗಿಯಾಗಿ ಆ ಕೆಲಸ ಆಗಲಿಲ್ಲ.

ನಮ್ಮ ಕಡೆಯ ಹಕ್ಕಿಗಳ ಲೆಕ್ಕ ಎಷ್ಟು ಚಿಕ್ಕದೆಂದು ತಿಳಿದರೆ ನೀವೂ ಬೆಚ್ಚುತ್ತೀರಿ. 2023ರ ಡಿಸೆಂಬರ್ ಕೊನೆಯಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ರಾಜ್ಯಗಳು ಒಂದೇ ಹೊತ್ತಿಗೆ ನಡೆಸಿದ ಗಣತಿಯಲ್ಲಿ ನೀಲಗಿರಿ ಸುತ್ತಿನ ಕಾಡುಗಳಲ್ಲಿ ಕಂಡ ರಣಹದ್ದುಗಳು ಒಟ್ಟು 320. ಅದರಲ್ಲಿ 217 ಬಿಳಿಬೆನ್ನಿನವು, 50 ಕೆಂಪುತಲೆಯವು, 47 ಉದ್ದಕೊಕ್ಕಿನವು. ದೊಡ್ಡ ಹಳ್ಳಿಯೊಂದರ ಸಂತೆಗೆ ಬರುವ ಜನ ಇದಕ್ಕಿಂತ ಹೆಚ್ಚು. ಇತ್ತ ರಾಮನಗರದಲ್ಲಿ ಉದ್ದಕೊಕ್ಕಿನ ಹಕ್ಕಿಗಳಿಗಾಗಿಯೇ 2012ರಲ್ಲಿ ರಾಮದೇವರಬೆಟ್ಟವನ್ನು 346 ಹೆಕ್ಟೇರಿನ ರಣಹದ್ದು ಅಭಯಾರಣ್ಯವೆಂದು ಘೋಷಿಸಿದರು. ದೇಶದಲ್ಲೇ ಇಂಥದ್ದು ಮೊದಲನೆಯದು. ಬಂಡೆಗೆ ಕಾವಲಿದೆ, ಅಲ್ಲಿ ಗೂಡು ಕಟ್ಟುವ ಹಕ್ಕಿಗಳು ಮಾತ್ರ ಬೆರಳೆಣಿಕೆಗೆ ಬಂದಿವೆ. 346 ಹೆಕ್ಟೇರಿನ ಬೇಲಿ, ಹೊರಗೆ ನೂರು ಕಿಲೋಮೀಟರ್ ದೂರ ಊಟಕ್ಕೆ ಹೋಗುವ ಹಕ್ಕಿಗೆ ಏನು ಕಾವಲು ಕೊಟ್ಟೀತು? ಆ ಹಕ್ಕಿಯ ನಿಜವಾದ ಅಭಯಾರಣ್ಯ ಮಾಗಡಿ, ಕನಕಪುರ, ಚನ್ನಪಟ್ಟಣಗಳ ಕೊಟ್ಟಿಗೆಗಳಲ್ಲಿದೆ. ಅದರ ಕಾವಲುಗಾರರು ನೀವು.

ನಾಳೆಯಿಂದ ಆಗಬಹುದಾದದ್ದು

ಒಂದು. ಬ್ಯಾಗು ಬಿಚ್ಚಿ ನೋಡಿ. ಡೈಕ್ಲೋಫೆನಾಕ್, ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್ ಇದ್ದರೆ ಅವು ದನಕ್ಕೆ ಕಾನೂನಿನಲ್ಲೇ ಇಲ್ಲ, ತೆಗೆದುಬಿಡಿ. ಎರಡು ಮೂರು ಮದ್ದು ಸೇರಿಸಿದ ಮಿಶ್ರಣದ ಬಾಟಲಿಗಳ ಹೆಸರು ನೋಡಿ ಮೋಸಹೋಗಬೇಡಿ. ಹಿಂದಿನ ಚೀಟಿಯ ಸಣ್ಣ ಅಕ್ಷರ ಓದಿ. ಫ್ಲೂನಿಕ್ಸಿನ್ ಇದ್ದರೆ ಅದನ್ನೂ ಹೊರಗಿಡಿ. ಮನುಷ್ಯರ ಸೀಸೆ ಒಡೆದು ದನಕ್ಕೆ ಹಾಕುವ ಅಭ್ಯಾಸ ಎಲ್ಲಿದ್ದರೂ ಅದು ನಿಲ್ಲಲಿ.

ಎರಡು. ಮದ್ದು ಕೊಟ್ಟ ಮೇಲೆ ರೈತನಿಗೆ ಎರಡು ಮಾತು ಹೇಳಿ: ಒಂದು ವಾರ ಈ ದನವನ್ನು ಕಾಡಿಗೆ ಬಿಡಬೇಡಪ್ಪ, ಈ ವಾರದಲ್ಲಿ ಸತ್ತರೆ ಆಳವಾಗಿ ಹೂಳು. ಯಾವ ಮದ್ದು, ಯಾವ ದಿನ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಹುಲಿ ಹಿಡಿದ ದನದ ಪರಿಹಾರಕ್ಕಾಗಿ ಅರಣ್ಯದವರು ನೋಡಲು ಬಂದಾಗ ಆ ಚೀಟಿ ಇದ್ದರೆ, ಹೆಣವನ್ನು ಅಲ್ಲೇ ಬಿಡಬಹುದೋ ತೆಗೆಸಬೇಕೋ ಎಂದು ಅವರಿಗೂ ತಿಳಿಯುತ್ತದೆ. ಮದ್ದು ಸೋಕದೆ, ರೋಗದ ಶಂಕೆಯಿಲ್ಲದೆ ಸತ್ತ ದನ ರಣಹದ್ದಿಗೆ ಒಳ್ಳೆಯ ಊಟ. ಅಂಥ್ರಾಕ್ಸ್ ಗುಮಾನಿ ಇದ್ದರೆ ಆ ಮಾತೇ ಬೇರೆ, ಅದು ನಿಮಗೆ ಹೇಳಬೇಕಾಗಿಲ್ಲ.

ಮೂರು. ನೀವು ಇಲ್ಲದಾಗ ರೈತ ನೇರವಾಗಿ ಹೋಗುವುದು ಔಷಧದಂಗಡಿಗೆ. ಅಂಗಡಿಯವನು ತರಿಸುವುದು ನೀವು ಬರೆಯುವುದನ್ನು. ನೀವು ಮೆಲಾಕ್ಸಿಕಾಮ್ ಒಂದನ್ನೇ ಬರೆಯತೊಡಗಿದರೆ ಮೂರು ತಿಂಗಳಲ್ಲಿ ಅವನ ಕಪಾಟು ತಾನಾಗಿ ಬದಲಾಗುತ್ತದೆ. ಯಾವ ಡ್ರಗ್ ಇನ್‌ಸ್ಪೆಕ್ಟರ್‌ಗೂ ಇಷ್ಟು ಬೇಗ ಅದು ಸಾಧ್ಯವಿಲ್ಲ.

ನಾಲ್ಕು. ತಾಲ್ಲೂಕು ಮಟ್ಟದ ನಿಮ್ಮ ಮುಂದಿನ ಸಭೆಯಲ್ಲಿ ಇದನ್ನು ಒಂದು ನಿರ್ಣಯವಾಗಿ ಬರೆಸಿ: ‘ನಮ್ಮ ತಾಲ್ಲೂಕಿನಲ್ಲಿ ದನಗಳಿಗೆ ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಮ್ಲ ಬಿಟ್ಟು ಬೇರೆ ನೋವುಶಾಮಕ ಬಳಸುವುದಿಲ್ಲ.’ ಇಲಾಖೆಯ ಔಷಧ ಖರೀದಿ ಪಟ್ಟಿಯೂ ಹಾಗೇ ಆಗಲಿ ಎಂದು ಮೇಲಿನವರಿಗೆ ಪತ್ರ ಹಾಕಿ. ಹಾಲು ಒಕ್ಕೂಟದ ಪಶುವೈದ್ಯರನ್ನೂ ಅದೇ ಸಭೆಗೆ ಕರೆಯಿರಿ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಾಕಿದರೆ ಫಲವಿಲ್ಲ. ಬಂಡೀಪುರದ ಸುತ್ತಲಿನ ನಾಲ್ಕೈದು ತಾಲ್ಲೂಕುಗಳಲ್ಲಿ ಮೊದಲು ಇದಾಗಲಿ, ರಾಮನಗರ ಎರಡನೆಯದಾಗಲಿ.

ಮುಂದೆ ಐದನೆಯ ಮದ್ದಿಗೂ ನಿಷೇಧ ಬರಬಹುದು, ಆರನೆಯದಕ್ಕೂ ಬರಬಹುದು. ಪ್ರತಿ ಸಲವೂ ಅದಕ್ಕೆ ಪುರಾವೆ ಬೇಕು, ಪುರಾವೆಗೆ ಸತ್ತ ಹಕ್ಕಿ ಬೇಕು. 320ರಲ್ಲಿ ಎಷ್ಟನ್ನು ಪುರಾವೆಗೆ ಕೊಡಲು ನಾವು ಸಿದ್ಧರಿದ್ದೇವೆ? ದೆಹಲಿಯ ಅಧಿಸೂಚನೆಗೆ ಕಾಯದೆ ಒಂದು ತಾಲ್ಲೂಕಿನ ಪಶುವೈದ್ಯರು ತಾವಾಗಿ ಪಟ್ಟಿಯನ್ನು ಎರಡಕ್ಕೆ ಇಳಿಸಿದರು ಎಂದು ಬರೆಯುವ ಅವಕಾಶವನ್ನು ನನಗೆ ಕೊಡಿ. ಆ ತಾಲ್ಲೂಕಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ನಿಮ್ಮ ಕೈಯಿಂದಲೇ ತನ್ನ ದನಗಳಿಗೆ ಚಿಕಿತ್ಸೆ ಮಾಡಿಸಿಕೊಂಡು ಬಂದ ಒಬ್ಬ ಓದುಗ